ಹಾಜರಿ ಪುಸ್ತಕದೊಳಗಿನ ಹುಡುಗಿ

ನನ್ನ ತಂಗಿಯ ಮಗಳು ಕಲಬುರಗಿಯ ಕಾಲೇಜೊಂದರಲ್ಲಿ ಓದುತ್ತಾಳೆ. ಅಲ್ಲಿ ಸಾರ್ವಜನಿಕ ನೀತಿ ಅಧ್ಯಯನ ಕೇಂದ್ರವೊಂದಿದೆ. ಹೆಸರು ಕೇಳಿ, ಇದು ದೊಡ್ಡವರ ವ್ಯವಹಾರ, ನಮಗೇಕೆ ಎಂದುಕೊಂಡಿದ್ದೆ. ಒಂದು ವರ್ಷ ಅವಳು ಮಾಡಿದ ಕೆಲಸ ಕೊನೆಗೆ ನನ್ನ ಅಡುಗೆಮನೆಗೇ ಬಂದು ನಿಂತಿತು.

ಮಳೆಗಾಲದಲ್ಲಿ ಅವರೆಲ್ಲ ಕೂಡಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಓದಿದರು. 2002ರಲ್ಲಿ ಸಲ್ಲಿಕೆಯಾದ ಆ ವರದಿ, 35 ಮಾನದಂಡಗಳಿಂದ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ದಸರೆ ಕಳೆದ ಮೇಲೆ ಹುಡುಗಿಯರು ಫಾರ್ಮು ಹಿಡಿದು ಇದೇ ತಾಲ್ಲೂಕುಗಳ ಹಳ್ಳಿಗಳಿಗೆ ಹೋದರು. ನೀರು ಎಲ್ಲಿಂದ ತರುತ್ತೀರಿ, ಹೆರಿಗೆ ಎಲ್ಲಾಯಿತು, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ಮನೆಮನೆ ಕೇಳಿದರು. ಯುಗಾದಿಯ ಹೊತ್ತಿಗೆ ಎಲ್ಲ ಕೂಡಿಸಿ, ಕಾಲೇಜಿನಲ್ಲಿ ಓದಿ ಹೇಳಿದರು.

ಮರುವಾರ ಮನೆಗೆ ಬಂದವಳು ಒಲೆಯ ಪಕ್ಕ ಕೂತು ಕೇಳಿದಳು: "ದೊಡ್ಡವ್ವ, ಹಾಜರಿ ಪುಸ್ತಕದಾಗ ಹೆಸರದ. ಮನಿಗಿ ಹೋದ್ರ ಬಾಗಿಲಿಗಿ ಕೀಲಿ ಹಾಕ್ಯದ. ಆ ಮಕ್ಕಳು ಎಲ್ಲಿ ಹೋದ್ವು?"

ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

2001ರಲ್ಲಿ ನಾನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ, ಲೆಕ್ಕದಲ್ಲಿ ಚುರುಕು. ತೊಗರಿ ಕೈಕೊಟ್ಟ ವರ್ಷ ಅವಳ ತಾಯಿ ಶಾಲೆಯ ಕಟ್ಟೆಗೆ ಬಂದು ಹೇಳಿದಳು: "ಪುಣೆಕ್ಕ ದುಡಿಲಿಕ್ಕಿ ಹೊಂಟೀವ್ರಿ ಅಕ್ಕೋರ. ಕೂಸಿನ ಹೆಸರು ಮಾತ್ರ ತೆಗಿಬ್ಯಾಡ್ರಿ."

ನಾನು ತೆಗೆಯಲಿಲ್ಲ. ತೆಗೆಯದೆ ಇದ್ದದ್ದಷ್ಟೇ ಅಲ್ಲ, ದಿನವೂ ಅವಳನ್ನು ಹಾಜರಿ ಎಂದು ಬರೆದೆ. ಕನಿಕರದಿಂದ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರ ಹುದ್ದೆ ಹೋಗಬಹುದಿತ್ತು. ಎಲ್ಲರಿಗಿಂತ ಕಿರಿಯಳು ನಾನೇ. ಕನಿಕರ, ಸ್ವಾರ್ಥ ಎರಡೂ ಒಂದೇ ಲೇಖನಿಯಿಂದ ಬರೆದವು. ಯಾವುದರ ಮಸಿ ಎಷ್ಟು ಎಂದು ನನಗೆ ಇಂದಿಗೂ ಬೇರ್ಪಡಿಸಲಾಗದು.

ಆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹದಿನಾಲ್ಕು ತುಂಬುವುದರೊಳಗೆ ಲಗ್ನ ಮಾಡಿದರೆಂದು ಕೇಳಿದೆ.

ಯಾರಿಗೂ ನೋವು ಕೊಡದ ಸುಳ್ಳು ಸುಳ್ಳೇ ಅಲ್ಲ ಎಂದು ನಾವು ಹೆಂಗಸರು ಎಷ್ಟು ಸಲ ಅಂದುಕೊಳ್ಳುತ್ತೇವೆ! ಮನೆಯಲ್ಲಿ ಹಿಟ್ಟು ಮುಗಿದಿದ್ದರೂ "ನನಗೆ ಹಸಿವಿಲ್ಲ" ಎನ್ನುತ್ತೇವೆ. ಆ ಸುಳ್ಳಿನ ಬೆಲೆಯನ್ನು ಹೇಳಿದವಳೇ ತೆರುತ್ತಾಳೆ. ನನ್ನ ಸುಳ್ಳಿನ ಬೆಲೆಯನ್ನು ಮಾತ್ರ ಆ ಹುಡುಗಿ ತೆತ್ತಳು. ವ್ಯತ್ಯಾಸ ಅಲ್ಲಿಯೇ ಇದೆ. ನಂಜುಂಡಪ್ಪನವರ ಮಾನದಂಡಗಳಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕವೂ ಒಂದು. ನನ್ನ ಪುಸ್ತಕದಲ್ಲಿ ಅವಳು ಒಳಗೇ ಇದ್ದಳು. ಇಲ್ಲದವಳನ್ನು ಇದ್ದಾಳೆ ಎಂದರೆ ಹುಡುಕುವವರು ಯಾರು?

ಲೆಕ್ಕದಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಎಲ್ಲವೂ ಆಗುವುದಿಲ್ಲ, ನಿಜ. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಳ್ಳಿಗೆ ನೀರು ಬರುವುದಿಲ್ಲ. ಆದರೆ ನಮ್ಮ ಭಾಗ ಹಿಂದುಳಿದಿದೆ ಎಂಬ ಮಾತಿಗೆ ಅಂಕಿಗಳ ಬಲ ಬಂದಿತು. ವರ್ಷಗಟ್ಟಲೆ ಹೋರಾಟ ನಡೆದು, 2012ರ ಸಂವಿಧಾನ ತಿದ್ದುಪಡಿಯಿಂದ 371(ಜೆ) ಕಲಮು ಬಂದಿತು. ನನ್ನ ತಂಗಿಯ ಹಿರಿಯ ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದು ಅದರಿಂದಲೇ. ನಿಜವಾದ ಒಂದು ಲೆಕ್ಕ ನಮ್ಮ ಮನೆಯ ಹುಡುಗಿಯನ್ನು ಮೇಲೆತ್ತಿತು. ನಾನು ಬರೆದ ಸುಳ್ಳು ಲೆಕ್ಕ ಇನ್ನೊಬ್ಬರ ಮನೆಯ ಹುಡುಗಿಯನ್ನು ಮರೆಮಾಡಿತು.

ಇದನ್ನೆಲ್ಲ ಅಂದು ಒಲೆಯ ಮುಂದೆ ಹೇಳಿದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಆಕಿ ಹೆಸರೇನು, ದೊಡ್ಡವ್ವ?" ಎಂದು ಕೇಳಿದಳು. ಹೇಳಿದೆ. ಇಷ್ಟು ವರ್ಷವಾದರೂ ಆ ಹೆಸರು ಮರೆತಿರಲಿಲ್ಲ.

ಈ ವರ್ಷ ನನ್ನ ತರಗತಿಯ ಇಬ್ಬರು ಮಕ್ಕಳು ತಾಯ್ತಂದೆಯರ ಜೊತೆ ದುಡಿಮೆಗೆಂದು ಊರು ಬಿಟ್ಟರು. ಗೈರುಹಾಜರಿ ಎಂದು ಬರೆದೆ. ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಪಕ್ಕದಲ್ಲಿ ಬರೆದು, ವಿಳಾಸ ಕೇಳಿ ಇಟ್ಟುಕೊಂಡೆ. ಬರೆಯುವಾಗ ಕೈ ನಡುಗಿತು. ಹುದ್ದೆಯ ಭಯ ಈ ವಯಸ್ಸಿನಲ್ಲೂ ಹೋಗಿಲ್ಲ. ಆದರೂ ಆ ಇಬ್ಬರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ, ಈಗ ನನ್ನ ಬಳಿ ಉತ್ತರವಿದೆ.