ಶಸ್ತ್ರಹತರ ಸ್ಮರಣೆ

ಭಾದ್ರಪದ ಬಹುಳ ಚತುರ್ದಶಿಯಂದು ಶಸ್ತ್ರದಿಂದ ಹತರಾದವರಿಗೆ ಶ್ರಾದ್ಧವನ್ನು ಶಾಸ್ತ್ರವು ವಿಧಿಸಿದೆ. ಅಲ್ಲಿ ಹತನಾದವನ ನಾಮಗೋತ್ರಗಳಷ್ಟೇ ಬೇಕು. ಹೊಡೆದವನಾರೆಂದು ಯಾರೂ ಕೇಳುವುದಿಲ್ಲ. ಆದರೆ ಕೊಂದವನನ್ನು ದ್ವೇಷಿಸದೆ ಮಡಿದವನನ್ನು ನೆನೆಯುವುದು ಮನುಷ್ಯಮಾತ್ರರಾದ ನಮಗೆ ಸಾಧ್ಯವೇ?

1971ರ ಡಿಸೆಂಬರ್ 16ರಂದು ಬಸಂತರ್ ನದಿಯ ಬಳಿ ನಡೆದ ಯುದ್ಧದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲನು ವೀರಮರಣವನ್ನಪ್ಪಿದನು. ವಯಸ್ಸು 21. ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಬರುವಂತೆ ಆಜ್ಞೆಯಾದಾಗ, ತೋಪು ಇನ್ನೂ ನಡೆಯುತ್ತಿದೆಯೆಂದು ತಿಳಿಸಿ ಅಲ್ಲಿಯೇ ನಿಂತವನು. ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು.

ಆತನ ತಂದೆಯೂ ಸೈನ್ಯದಲ್ಲಿ ಬ್ರಿಗೇಡಿಯರ್ ಆಗಿದ್ದವರು. 2001ರಲ್ಲಿ, ಎಂಬತ್ತು ದಾಟಿದ ಮೇಲೆ, ತಮ್ಮ ಹುಟ್ಟೂರಾದ ಸರಗೋಧಾವನ್ನು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಆದರದಿಂದ ಉಪಚರಿಸಿದವರು ಅಲ್ಲಿಯ ಬ್ರಿಗೇಡಿಯರ್ ನಾಸೆರ್. ಅತಿಥಿಯು ಹೊರಡುವ ಮುನ್ನ, ತಮ್ಮ ಕೈಯಿಂದಲೇ ಅರುಣನು ಹತನಾದನೆಂದು ಅವರು ತಾವಾಗಿಯೇ ತಿಳಿಸಿದರು. ಮುಚ್ಚಿಡಬಹುದಾಗಿತ್ತು. ಆ ಮನೆಯ ಅನ್ನವನ್ನುಂಡಿದ್ದ ತಂದೆಯ ಅಂತಃಕರಣದಲ್ಲಿ ಆಗ ಏನು ನಡೆದಿರಬೇಕು! ಜೀವನು ಅಸ್ವತಂತ್ರಕರ್ತೃ, ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬುದು ನಮ್ಮ ಸಿದ್ಧಾಂತ. ಸತ್ಯವೇ, ಆದರೆ ಮಗನನ್ನು ಕಳೆದುಕೊಂಡವರೆದುರು ಅದನ್ನು ಉಪದೇಶಿಸುವ ಧೈರ್ಯ ನಮಗಿಲ್ಲ.

ಮಹಾಭಾರತದ ಸ್ತ್ರೀಪರ್ವವನ್ನು ನೋಡಬೇಕು. ಯುದ್ಧಾನಂತರ ಧರ್ಮರಾಜನು ಉಭಯಪಕ್ಷದವರಿಗೂ, ದಿಕ್ಕಿಲ್ಲದ ಶವಗಳಿಗೂ ಸಂಸ್ಕಾರ ಮಾಡಿಸಿದನು. ಅಭಿಮನ್ಯುವಿಗೆ ಸಂದ ಅಗ್ನಿಯೇ ಅವನ ಮರಣಕ್ಕೆ ಕಾರಣನಾದ ಜಯದ್ರಥನಿಗೂ ಸಂದಿತು. ಕಲಿಯ ಅವತಾರನಾದ ದುರ್ಯೋಧನನಿಗೂ ತಪ್ಪಲಿಲ್ಲ. ಇದರಿಂದ ಅವನ ಅಧರ್ಮವೇನೂ ಧರ್ಮವಾಗಲಿಲ್ಲ. ಪಾಂಡವರು ಯುದ್ಧ ಮಾಡಿದ್ದು ತಪ್ಪೆಂದೂ ಆಗಲಿಲ್ಲ. ರೋಷಕ್ಕೆ ರಣರಂಗದಲ್ಲಿದ್ದ ಸ್ಥಾನ ಗಂಗಾತೀರದಲ್ಲಿರಲಿಲ್ಲ, ಅಷ್ಟೆ.

ಅರುಣನು ಸಂತಾನವಿಲ್ಲದೆ ಹೋದವನು. ಅಂಥವರಿಗೆಂದೇ ತರ್ಪಣದ ಕಡೆಯಲ್ಲಿ ನೀರು ಬಿಡುವ ಕ್ರಮವುಂಟು. ಈ ಚತುರ್ದಶಿಯಂದು ಅಧಿಕಾರವುಳ್ಳವರು ಆಗ ಅವನನ್ನೂ ನೆನೆಯಬಹುದು.