ಬ್ಯಾಡಾದ ಸೋಫಾ, ಬೇಕಾದ ಪುಣ್ಯ

ಬೆಂಗಳೂರಿನಲ್ಲಿ ಮನೆ ಬದಲಾಯಿಸುವವರ ಬಾಯಲ್ಲಿ ತಿಂಗಳ ಕೊನೆಯ ವಾರ ಎರಡು ಮಾತು ಬಂದೇ ಬರುತ್ತವೆ. ಒಂದು, "ಕೆಲಸದವರಿಗೆ ಕೊಟ್ಟುಬಿಡೋಣ." ಇನ್ನೊಂದು, "ಊರಿಗೆ ಕಳಿಸೋಣ." ಮೂರು ಜನ ಕೂರುವ ಸೋಫಾ, ಬಾಗಿಲಿನ ರಬ್ಬರ್ ಸಡಿಲಾದ ಫ್ರಿಜ್ಜು, ಹೊಸ ಬೆಡ್‌ರೂಮಿಗೆ ಹಿಡಿಸದ ಮಂಚ, ಎಲ್ಲಕ್ಕೂ ಈ ಎರಡರಲ್ಲೊಂದು ವಿಳಾಸ. ಸಾಮಾನು ಹಾಳಾಗಲಿಲ್ಲ, ಯಾರಿಗೋ ಉಪಯೋಗವಾಯಿತು, ನಮಗೆ ಜಾಗ ಸಿಕ್ಕಿತು, ಮೇಲೆ ಒಂದಿಷ್ಟು ಪುಣ್ಯ. ಇಷ್ಟು ಸಲೀಸಾಗಿ ಎಲ್ಲರಿಗೂ ಲಾಭವಾಗುವ ವ್ಯವಹಾರ ಕಂಡರೆ ನನಗೆ ಅನುಮಾನ ಬರುತ್ತದೆ. ಲೆಕ್ಕದಲ್ಲಿ ಯಾರೋ ಒಬ್ಬರು ಬಿಟ್ಟುಹೋಗಿರುತ್ತಾರೆ.

ನನ್ನ ಊರು ಗೋಕಾಕ ತಾಲೂಕಿನ ಅಂಕಲಗಿ. ಬೆಂಗಳೂರಿನಿಂದ ಸುಮಾರು ಐನೂರು ಕಿಲೋಮೀಟರ್. ಇಷ್ಟು ದೂರವಿದ್ದರೂ ಬೆಂಗಳೂರು, ಪುಣೆ, ಹುಬ್ಬಳ್ಳಿಯಲ್ಲಿರುವ ನಮ್ಮ ಬಳಗದ ಫ್ಲ್ಯಾಟುಗಳಿಂದ ಹೊರಬಿದ್ದ ಸಾಮಾನೆಲ್ಲ ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತವೆ. ಅಲ್ಲಿ ಕಾಕಾ, ಕಾಕು ಇದ್ದಾರೆ. ಪಡಸಾಲಿ ಇದೆ, ಅಟ್ಟ ಇದೆ, ಹಿತ್ತಲು ಇದೆ. ಪಡಸಾಲಿಯಲ್ಲಿ ಈಗ ಮೂರು ನಮೂನೆಯ ಮೂರು ಸೋಫಾ. ಅಟ್ಟದ ಮೇಲೆ ಎರಡು ಡಬ್ಬಾ ಟಿವಿ. ಕೀಬೋರ್ಡ್ ಇಡಲು ಎಳೆಯುವ ಹಲಗೆ ಇರುವ ಕಂಪ್ಯೂಟರ್ ಟೇಬಲ್ಲಿನ ಮೇಲೆ ಗೋಧಿ ಚೀಲ. ಪುಣೆಯಿಂದ ಬಂದ ಟ್ರೆಡ್‌ಮಿಲ್ ಮೇಲೆ ಕಾಕು ಬೇಸಗೆಯಲ್ಲಿ ಶ್ಯಾವಿಗಿ ಒಣಹಾಕುತ್ತಾರೆ.

ಹೋದ ವರ್ಷ ಒಂದು ಮದುವೆಯಲ್ಲಿ ಎಲ್ಲರೂ ಸೇರಿದ್ದಾಗ ಒಬ್ಬರು ತಮ್ಮ ವಾಷಿಂಗ್ ಮಷೀನಿನ ಮಾತು ತೆಗೆದರು. "ನಿಮ್ಮ ಮನಿ ದೊಡ್ಡದೈತಿ, ಒಂದ್ ಮೂಲ್ಯಾಗ ಇರ್ತೈತಿ ಬಿಡ್ರಿ" ಅಂದರು. ಕಾಕಾ ನಕ್ಕು ಸುಮ್ಮನಾದರು. ಆಮೇಲೆ ಎಲಿ ಅಡಿಕಿ ಹಾಕಿಕೊಳ್ಳುತ್ತ ನನಗೊಬ್ಬನಿಗೇ ಹೇಳಿದರು: "ತಮ್ಮಾ, ನಮ್ಮ ಮನಿ ದೊಡ್ಡದೈತಿ ಅಂತ ಯಾರೂ ಕಳಸೂದಿಲ್ಲ. ನಮಗ ಒಲ್ಲೆ ಅನ್ನಾಕ ಬರೂದಿಲ್ಲ, ಅದಕ್ಕ ಕಳಸ್ತಾರ."

ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ನಿಖರವಾದ ಮಾತು ಇದು. ಕೊಡುವುದು ಅಂದರೆ ಏನು ಅಂತ ಕೇಳಿದರೆ ನಾವು ಕೊಡುವವರ ಮನಸ್ಸನ್ನು ನೋಡುತ್ತೇವೆ: ಪ್ರೀತಿಯಿಂದ ಕೊಟ್ಟರೇ, ತೋರಿಕೆಗೆ ಕೊಟ್ಟರೇ? ಕಾಕಾ ನೋಡಿದ್ದು ತೆಗೆದುಕೊಳ್ಳುವವರ ಬಾಯನ್ನು. ಅಲ್ಲಿಂದ "ಒಲ್ಲೆ" ಅನ್ನುವ ಮಾತು ಬರುವ ಸಾಧ್ಯತೆಯೇ ಇಲ್ಲದಿದ್ದರೆ, ಈ ಕಡೆಯಿಂದ ಹೋದದ್ದನ್ನು ಉಡುಗೊರೆ ಅನ್ನುವುದು ಕಷ್ಟ. ಅದು ಸಾಗಣೆ ಅಷ್ಟೇ.

ಮನೆಗೆಲಸಕ್ಕೆ ಬರುವವರ ವಿಷಯಕ್ಕೆ ಬನ್ನಿ. ಹತ್ತು ವರ್ಷದ ಫ್ರಿಜ್ಜೊಂದನ್ನು ಅಕ್ಕನಿಗೆ ಕೊಟ್ಟೆವು ಅಂದುಕೊಳ್ಳಿ. ಅವರದು ಎರಡನೇ ಮಹಡಿಯ ಒಂದು ಕೋಣೆ, ಬಾಡಿಗೆಯದು. ಟೆಂಪೋ ಬಾಡಿಗೆ, ಹತ್ತಿಸುವವರ ಕೂಲಿ ಅವರದೇ. ಗ್ಯಾಸ್ ಕಡಿಮೆಯಾಗಿದ್ದರೆ ತುಂಬಿಸುವ ಖರ್ಚೂ ಅವರದೇ. ಇನ್ನು ಕರೆಂಟು. 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಸಿಗುವುದು 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ 10. ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇದ್ದ ಮನೆಯ ಸರಾಸರಿ 60 ಯೂನಿಟ್ ಇತ್ತು ಅನ್ನಿ. ಅವರ ಪಾಲಿಗೆ ಫ್ರೀ ಇರುವುದು 66. ಹಳೆಯ ಫ್ರಿಜ್ಜು ದಿನಕ್ಕೆ ಒಂದೂವರೆ ಯೂನಿಟ್ ತಿಂದರೂ ತಿಂಗಳಿಗೆ 45 ಆಯಿತು. ಸೊನ್ನೆ ಬರುತ್ತಿದ್ದ ಬಿಲ್ಲಿನಲ್ಲಿ ಈಗ 39 ಯೂನಿಟ್ಟಿನ ದುಡ್ಡು, ಪ್ರತಿ ತಿಂಗಳು. ಪುಕ್ಕಟೆ ಬಂದ ಫ್ರಿಜ್ಜು ತನ್ನ ಕಂತನ್ನು ತಾನೇ ಶುರುಮಾಡಿಕೊಂಡಿತು.

ಅವರಿಗೆ ಫ್ರಿಜ್ಜು ಬೇಕಿರಲೂಬಹುದು. ಖರ್ಚು ಗೊತ್ತಿದ್ದೇ ಖುಷಿಯಿಂದ ಒಯ್ಯಲೂಬಹುದು. ಬೇಡವಾಗಿದ್ದರೆ? ತಿಂಗಳ ಸಂಬಳ ಕೊಡುವ ಮನೆಯ ಯಜಮಾನತಿ ಅಡುಗೆಮನೆಯಲ್ಲಿ ನಿಂತು "ತಗೊಂಡು ಹೋಗಿ, ಚೆನ್ನಾಗಿದೆ" ಅಂದಾಗ "ಬೇಡಮ್ಮ" ಅನ್ನುವುದು ಎಷ್ಟು ಜನರಿಗೆ ಸಾಧ್ಯ? ಅದರ ಮೇಲೆ ಆರು ತಿಂಗಳ ನಂತರ ಸಂಬಳ ಹೆಚ್ಚಿಸಿ ಅಂತ ಕೇಳಿದರೆ, ಬಾಯಿಬಿಟ್ಟು ಹೇಳದಿದ್ದರೂ, ಮನಸ್ಸಿನಲ್ಲಿ ಆ ಫ್ರಿಜ್ಜು ಒಮ್ಮೆ ಸದ್ದು ಮಾಡುತ್ತದೆ. ಗುಜರಿಗೆ ಹಾಕಿದ್ದರೆ ಕೆಲವು ನೂರು ರೂಪಾಯಿ ಬರುತ್ತಿದ್ದ ವಸ್ತುವಿನಿಂದ ವರ್ಷಗಟ್ಟಲೆ ಕೃತಜ್ಞತೆ ವಸೂಲಿಯಾಗುತ್ತದೆ.

ಇದು ಇವತ್ತಿನ ಸಮಸ್ಯೆಯೇನೂ ಅಲ್ಲ. ಕಠೋಪನಿಷತ್ತು ಶುರುವಾಗುವುದೇ ಇಂಥದ್ದೊಂದು ಮನೆ ಖಾಲಿ ಮಾಡುವ ಪ್ರಸಂಗದಿಂದ. ವಾಜಶ್ರವಸ ಇದ್ದುದನ್ನೆಲ್ಲ ದಾನ ಮಾಡುವ ಯಜ್ಞ ಹಿಡಿದಿದ್ದಾನೆ. ದಕ್ಷಿಣೆಯ ಸಾಲಿನಲ್ಲಿ ನಿಂತ ಹಸುಗಳು ಮಾತ್ರ ಮುದಿಯಾದವು, ಹಾಲು ಬತ್ತಿದವು, ಇನ್ನು ಕರು ಹಾಕಲಾರದವು. ಪಡೆದವನಿಗೆ ಉಳಿಯುವುದು ಮೇವಿನ ಖರ್ಚು. ಹುಡುಗ ನಚಿಕೇತನಿಗೆ ಇದು ಸರಿ ಕಾಣಲಿಲ್ಲ. ಅಪ್ಪನನ್ನು ನೇರ ಬೈಯದೆ, "ನನ್ನನ್ನು ಯಾರಿಗೆ ಕೊಡುತ್ತೀ?" ಅಂತ ಮೂರು ಸಲ ಕೇಳಿದ. ಸಿಟ್ಟಿಗೆದ್ದ ಅಪ್ಪ ಯಮನಿಗೆ ಕೊಟ್ಟೆ ಅಂದ. ಮುಂದಿನ ತತ್ತ್ವಜ್ಞಾನವೆಲ್ಲ ನಮಗೆ ನೆನಪಿರುತ್ತದೆ. ಅದರ ಬಾಗಿಲಲ್ಲಿ ಮುದಿ ಹಸುಗಳು ನಿಂತಿದ್ದನ್ನು ಮರೆಯುತ್ತೇವೆ. ಹುಡುಗ ಕೇಳಿದ್ದು ಎಷ್ಟು ನ್ಯಾಯದ ಪ್ರಶ್ನೆ ನೋಡಿ: ಬೇಡದ್ದನ್ನು ಕೊಡುವುದೇ ದಾನವಾದರೆ, ಬೇಕಾದವನಾದ ನಾನು ಯಾವ ಲೆಕ್ಕದಲ್ಲಿದ್ದೇನೆ?

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಇತಿಹಾಸವೂ ಇದೆ. ತಂಗಳ ರೊಟ್ಟಿ, ಹಳೆ ಸೀರೆ, ಹರಿದ ಕಂಬಳಿ ಯಾವ ಓಣಿಯಿಂದ ಯಾವ ಕೇರಿಗೆ ಹೋಗುತ್ತಿದ್ದವು ಅನ್ನುವುದನ್ನು ಹೇಳಬೇಕಿಲ್ಲ. ಹಳೆಯದನ್ನು ತೆಗೆದುಕೊಳ್ಳುವುದು ಆ ಕೇರಿಯವರ ಕರ್ತವ್ಯ ಅನ್ನುವ ಹಾಗೆ ಊರು ನಡೆದುಕೊಂಡಿತ್ತು. ನಾವು ಈಗ ಅದಕ್ಕೆ ಮರುಬಳಕೆ ಅಂತ ಚೆಂದದ ಹೆಸರಿಟ್ಟಿದ್ದೇವೆ. ಹೆಸರು ಬದಲಾದರೂ ಸಾಮಾನು ಇಳಿಯುವ ದಿಕ್ಕು ಬದಲಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನ ಅನ್ನುವ ಮಾತನ್ನು ಬಿಟ್ಟು ದಾಸೋಹ ಅಂದದ್ದು ಈ ದಿಕ್ಕನ್ನೇ ತಿರುಗಿಸಲು ಅಂತ ನನಗೆ ಅನಿಸುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಎದುರು ಕೂತು ಉಣ್ಣುವವನು ದೊಡ್ಡವನು. ಹಾಗಿರುವಾಗ ಉಳಿದದ್ದನ್ನು ಎಲೆಗೆ ಬಡಿಸಲು ಕೈ ಹೇಗೆ ಬರುತ್ತದೆ?

"ಹಾಗಾದರೆ ಎಲ್ಲ ತಿಪ್ಪೆಗೆ ಎಸೆಯೋಣವೇ?" ಅಂತ ನೀವು ಕೇಳಬಹುದು. ಬೇಡ. ಬಾಳಿಕೆ ಇರುವ ವಸ್ತುವನ್ನು ಇನ್ನೊಬ್ಬರು ಬಳಸುವುದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಬಾಳಿಕೆ ಇದೆಯೇ? ನಮ್ಮಜ್ಜಿಯ ಹತ್ತಿ ಗಾದಿ ಗಂಟುಗಟ್ಟಿದಾಗ ಪಿಂಜಾರರು ಬಂದು ಹತ್ತಿ ಬಡಿದು, ಹೊಸ ಬಟ್ಟೆ ಹೊಲಿದು ಕೊಟ್ಟು ಹೋಗುತ್ತಿದ್ದರು. ಒಂದೇ ಹತ್ತಿ ಮೂರು ಗಾದಿಯ ಬಾಳು ಬಾಳಿತು. ಸಾಗವಾನಿ ಮಂಚದ ಕಾಲು ಅಲುಗಿದರೆ ಬಡಿಗೇರ ಒಂದು ಬೆಣೆ ಹೊಡೆದು ನಿಲ್ಲಿಸುತ್ತಿದ್ದ. ನಾವು ಊರಿಗೆ ಕಳಿಸುವ ಫೋಮ್ ಗಾದಿಯನ್ನು ಯಾರೂ ಹಿಂಜಲಾರರು. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಸ್ಕ್ರೂ ಒಮ್ಮೆ ಕಿತ್ತು ಬಂದರೆ ಆ ತೂತು ಮತ್ತೆ ಹಿಡಿಯುವುದಿಲ್ಲ. ಒಂದು ಮಳೆಗಾಲದ ತೇವಕ್ಕೆ ಉಬ್ಬಿ ನಿಲ್ಲುತ್ತದೆ. ಕೊನೆಗೆ ಹಿತ್ತಲಿನ ನೀರೊಲಿಗೆ ಹೋಗುತ್ತದೆ, ಅಂಟು ಮತ್ತು ಲ್ಯಾಮಿನೇಟಿನ ಹೊಗೆ ಕಾಕುವಿನ ಎದೆಗೆ ಹೋಗುತ್ತದೆ. ತಮಾಷೆಯೆಂದರೆ, ಇದೇ ಹಳ್ಳಿಗಳ ಸಾಗವಾನಿ ಬಾಗಿಲು, ತಾಮ್ರದ ಹಂಡೆ, ಬೀಸುಕಲ್ಲು ನಮ್ಮ ಕೆಫೆಗಳ ಅಲಂಕಾರಕ್ಕೆ ಬರುತ್ತಿವೆ. ಸಾಗವಾನಿ ಇತ್ತ ಬಂತು, ಪಾರ್ಟಿಕಲ್ ಬೋರ್ಡ್ ಅತ್ತ ಹೋಯಿತು.

ಫ್ರಿಜ್ಜು, ಟಿವಿಗಳದ್ದು ಬೇರೆ ಕಥೆ. ಇವುಗಳ ಹೊಣೆ ಮಾರಾಟದೊಂದಿಗೆ ಮುಗಿಯುವುದಿಲ್ಲ ಅಂತ ಕಾನೂನೇ ಹೇಳುತ್ತದೆ. ಇ-ತ್ಯಾಜ್ಯದ ಮೊದಲ ನಿಯಮಗಳು 2012ರ ಮೇ ತಿಂಗಳಲ್ಲಿ ಜಾರಿಗೆ ಬಂದವು, ಈಗಿನವು 2023ರ ಏಪ್ರಿಲ್‌ನಿಂದ. ಆಯಸ್ಸು ಮುಗಿದ ಸಾಮಾನು ಸರಿಯಾಗಿ ಮರುಸಂಸ್ಕರಣೆಯಾಗುವಂತೆ ನೋಡುವುದು ತಯಾರಕರ ಹೊಣೆ. ಕಾರಣ ಇದೆ. ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇರುತ್ತದೆ. ಎಷ್ಟೋ ಹಳೆಯ ಫ್ರಿಜ್ಜುಗಳಲ್ಲಿರುವ 134ಎ ಅನಿಲ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜೋರು. ಕೆಡುವ ಹಂತದ ಫ್ರಿಜ್ಜನ್ನು ಊರಿಗೆ ಕಳಿಸಿದಾಗ ನಾವು ಅದನ್ನು ಈ ಹೊಣೆಯ ಸರಪಳಿಯಿಂದಲೇ ಬಿಡಿಸಿದ ಹಾಗೆ. ಅದು ಕೆಟ್ಟ ದಿನ ಭಂಗಾರದವನ ಗಾಡಿ ಹತ್ತುತ್ತದೆ, ಕಂಪ್ರೆಸರ್ ಕತ್ತರಿಸಿದಾಗ ಅನಿಲ ಬುಸ್ಸೆಂದು ಹೊರಗೆ ಹೋಗುತ್ತದೆ. (ನಮ್ಮ ಕಡೆ ಗುಜರಿಗೆ ಮರಾಠಿಯಿಂದ ಬಂದ ಭಂಗಾರ ಅನ್ನುವ ಮಾತಿದೆ. ಬಂಗಾರಕ್ಕೂ ಭಂಗಾರಕ್ಕೂ ಒಂದು ಉಸಿರಿನ ವ್ಯತ್ಯಾಸ.) ಅವನನ್ನು ನಾನು ದೂರುತ್ತಿಲ್ಲ. ಈ ಇಡೀ ವ್ಯವಹಾರದಲ್ಲಿ ಮುಖ ನೋಡದೆ ತೂಕ ನೋಡುವವನು, "ಇದು ನನಗ ಬ್ಯಾಡ್ರಿ" ಅಂತ ಧೈರ್ಯವಾಗಿ ಹೇಳುವವನು ಅವನೊಬ್ಬನೇ.

ಇಡೀ ನಗರವೇ "ಊರಿಗೆ ಕಳಿಸೋಣ" ಅಂದರೆ ಏನಾಗುತ್ತದೆ ಅನ್ನುವುದನ್ನು ಬೆಂಗಳೂರು ಮಾಡಿ ತೋರಿಸಿದೆ. ವರ್ಷಗಟ್ಟಲೆ ಅದರ ಕಸ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯಿತು. ಅಲ್ಲಿ ಜಾಗ ಇತ್ತು ಅನ್ನುವುದು ನೆಪ, ಅಲ್ಲಿಯ ಜನರ ಮಾತು ನಗರಕ್ಕೆ ಕೇಳಿಸುತ್ತಿರಲಿಲ್ಲ ಅನ್ನುವುದು ಕಾರಣ. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ನಿಂತಿತು. ಮಂಡೂರಿನವರು ರಸ್ತೆಗೆ ಇಳಿದ ಮೇಲೆ 2014ರ ಡಿಸೆಂಬರ್ 1ರಿಂದ ಅಲ್ಲಿಗೂ ನಿಂತಿತು. ಒಂದು ಊರು ಒಟ್ಟಾಗಿ ಒಲ್ಲೆವು ಅಂದದ್ದಕ್ಕೇ ಅಲ್ಲವೇ ನಮ್ಮ ಮನೆಗಳಲ್ಲಿ ಹಸಿ ಕಸ, ಒಣ ಕಸ ಅಂತ ಬೇರೆ ಮಾಡುವ ಮಾತು ಗಟ್ಟಿಯಾದದ್ದು? ಒಲ್ಲೆ ಅನ್ನುವುದು ಕೃತಘ್ನತೆ ಅಲ್ಲ. ಅದು ಕೇಳಿಸಿದ ಮೇಲೆಯೇ ಎಸೆಯುವವರು ಯೋಚಿಸಲು ಶುರುಮಾಡುತ್ತಾರೆ.

ಹಳೆಯ ವಸ್ತು ಎಂದೂ ಉಡುಗೊರೆಯಾಗಲಾರದು ಅಂತೇನೂ ಇಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕಿಗೆ ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಮನೆ ತುಂಬ ಕೆಸರು ನಿಂತು ಹಾಸಿಗೆ, ಕಾಟು, ತಿಜೋರಿ ಎಲ್ಲ ಕೆಟ್ಟುಹೋದ ಕುಟುಂಬಗಳಿದ್ದವು. ನೀರು ಇಳಿದ ಮೇಲೆ ಅಂಥ ಮನೆಯವರು "ಒಂದು ಕಾಟು ಇದ್ರ ಕೊಡ್ರಿ, ಮುದುಕಿ ನೆಲದ ಮ್ಯಾಲೆ ಮಲಗ್ಯಾಳ" ಅಂದರೆ, ಇಪ್ಪತ್ತು ವರ್ಷದ ಕಬ್ಬಿಣದ ಕಾಟೂ ದೊಡ್ಡ ಕೊಡುಗೆ. ಅಲ್ಲಿ ವಸ್ತುವಿನ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಅವರ "ಬೇಕು" ಮೊದಲು ಬಂತು, ನಮ್ಮ ಕಾಟು ಆಮೇಲೆ ಹೋಯಿತು. ಅದೇ ಕಾಟು ನಮ್ಮ "ಬ್ಯಾಡ"ದಿಂದ ಹೊರಟು ಯಾರದೋ ಪಡಸಾಲಿಯಲ್ಲಿ ಇಳಿದರೆ ಕಥೆ ಬೇರೆ.

ನನಗೆ ಕಂಡ ಹಾಗೆ ವ್ಯತ್ಯಾಸ ಇರುವುದು ಇಲ್ಲೇ. ಅವರ ಬೇಕಿನಿಂದ ಶುರುವಾದರೆ ಅದು ಕೊಡುವುದು. ನಮ್ಮ ಬೇಡದಿಂದ ಶುರುವಾದರೆ ಅದು ವಿಲೇವಾರಿ. ವಿಲೇವಾರಿಯಲ್ಲಿ ಪಾಪವೇನೂ ಇಲ್ಲ, ಎಲ್ಲರೂ ಮಾಡಲೇಬೇಕು. ಅದರ ಖರ್ಚು ಮಾತ್ರ ನಮ್ಮದು. ಟೆಂಪೋ ಬಾಡಿಗೆ ನಮ್ಮದು, ರಿಪೇರಿ ನಮ್ಮದು, ಅಧಿಕೃತ ಇ-ತ್ಯಾಜ್ಯದವರನ್ನು ಹುಡುಕುವ ಫೋನು ನಮ್ಮದು. ನಮ್ಮ ಸೋಫಾ ಒಯ್ದು ನಮ್ಮ ಹಾಲ್ ಖಾಲಿ ಮಾಡಿಕೊಟ್ಟವರಿಗೆ ಥ್ಯಾಂಕ್ಸ್ ಹೇಳಬೇಕಾದವರೂ ನಾವೇ.

ಹಾಗಾಗಿ ಈಗ ನಾನು ಕೇಳುವ ರೀತಿ ಬದಲಾಗಿದೆ. "ಇದನ್ನು ತಗೊಳ್ತೀರಾ?" ಅಂತ ಎದುರಿಗೆ ನಿಂತು ಕೇಳುವುದಿಲ್ಲ. ವಸ್ತು ಹೀಗಿದೆ, ಇಷ್ಟು ಹಳೆಯದು, ಕರೆಂಟು ಇಷ್ಟು ತಿನ್ನಬಹುದು, ತಲುಪಿಸುವ ಖರ್ಚು ನನ್ನದು, ಬೇಕಾದರೆ ಮಾತ್ರ ಒಂದು ವಾರದೊಳಗೆ ಹೇಳಿ ಅನ್ನುತ್ತೇನೆ. ಆ ವಾರದಲ್ಲಿ ನಾನಾಗಿ ಮತ್ತೆ ಆ ಮಾತು ಎತ್ತುವುದಿಲ್ಲ. ಯಾರೂ ಬಾಯಿಬಿಟ್ಟು ಒಲ್ಲೆ ಅನ್ನಬೇಕಿಲ್ಲ, ಸುಮ್ಮನಿದ್ದರೆ ಸಾಕು.

ಹೋದ ತಿಂಗಳು ಒಂದು ಮಂಚದ ಬಗ್ಗೆ ಕಾಕಾನಿಗೂ ಹೀಗೇ ಹೇಳಿದ್ದೆ. ವಾರ ಕಳೆಯಿತು, ಎರಡು ವಾರ ಕಳೆಯಿತು, ಅತ್ತಲಿಂದ ಫೋನ್ ಬರಲಿಲ್ಲ. ಮಂಚ ಇನ್ನೂ ನನ್ನ ಮನೆಯಲ್ಲೇ ಇದೆ. ಅದರ ಹಾದಿ ಹುಡುಕುವುದು ಈಗ ನನ್ನ ಕೆಲಸ.