ಮೇಲಿರುವವನ ಹೊಣೆ

ಬಲವುಳ್ಳವನೂ ಬಲಹೀನನೂ ಒಂದೇ ದಾರಿಯಲ್ಲಿ ನಡೆಯುತ್ತಿರುವಾಗ ಒಬ್ಬರಿಗೊಬ್ಬರು ತಾಗಿದರೆ ಹೊಣೆಯು ಯಾರದು? ಬಲಹೀನನೇ ಸರಿದು ನಿಲ್ಲತಕ್ಕದ್ದೆಂಬುದು ಲೋಕರೂಢಿ. ಇದಕ್ಕೆ ನೇರವಾಗಿ ವಿರುದ್ಧವಾದ ಒಂದು ಧರ್ಮವನ್ನು ನಾನು ಶಾಸ್ತ್ರಗ್ರಂಥದಲ್ಲಲ್ಲ, ಪರದೇಶದ ಒಂದು ಆಟದ ನೆಲದಲ್ಲಿ ಕಂಡೆನು. ಅದನ್ನು ವಾಚಕರ ವಿಮರ್ಶೆಗೆ ಒಪ್ಪಿಸುತ್ತೇನೆ.

ಜೂರಿಚ್ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಚಳಿಗಾಲದ ರಜೆಯಲ್ಲಿ ನನ್ನನ್ನು ಆಲ್ಪ್ಸ್ ಪರ್ವತಗಳ ನಡುವಣ ಆಂಡರ್‌ಮಾಟ್ ಎಂಬ ಗ್ರಾಮಕ್ಕೆ ಕರೆದೊಯ್ದನು. ಸ್ವಿಟ್ಸರ್ಲೆಂಡಿನ ಊರಿ ಪ್ರಾಂತಕ್ಕೆ ಸೇರಿದ ಈ ಗ್ರಾಮವು ಸಮುದ್ರಮಟ್ಟಕ್ಕಿಂತ 1,400 ಮೀಟರುಗಳಿಗೂ ಎತ್ತರದಲ್ಲಿದೆ. ಕೆಳಗಣ ಗ್ಯೋಶೆನೆನ್ ಎಂಬಲ್ಲಿಂದ ಹಲ್ಲುಕಂಬಿಯ ರೈಲು ಇಕ್ಕಟ್ಟಾದ ಕಣಿವೆಯನ್ನೇರಿ ಅಲ್ಲಿಗೆ ಮುಟ್ಟುತ್ತದೆ. ಜನರು ಸ್ಕೀ ಎಂಬ ನೀಳವಾದ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು ಹಿಮದ ಇಳಿಜಾರುಗಳಲ್ಲಿ ಜಾರಿಬರುವರು. ವೃದ್ಧನಾದ ನಾನು ಕಂಬಳಿ ಹೊದೆದು ನೋಡುತ್ತ ಕುಳಿತೆನು.

ಅಂತರರಾಷ್ಟ್ರೀಯ ಸ್ಕೀ ಸಂಘವು 1967ರಿಂದ ಪಾಲಿಸಿಕೊಂಡು ಬಂದಿರುವ ನಿಯಮಗಳು ಈಗ ಹತ್ತು ಇವೆ. ಯಾರೂ ಮತ್ತೊಬ್ಬರಿಗೆ ಅಪಾಯವನ್ನಾಗಲಿ ಹಾನಿಯನ್ನಾಗಲಿ ಉಂಟುಮಾಡಕೂಡದೆಂಬುದು ಮೊದಲನೆಯದು. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕೆಂಬುದು ಮೂರನೆಯದು. ಇಳಿಜಾರಿನಲ್ಲಿ ಹಿಂದಿರುವವನೆಂದರೆ ಮೇಲಿರುವವನು. ಮೇಲಿನವನ ಮೇಲೆಯೇ ಭಾರವನ್ನು ಹೊರಿಸಿರುವುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಪೂರ್ವಪಕ್ಷವುಂಟು. ಮುಂದಿರುವವನು ಅಂಕುಡೊಂಕಾಗಿ, ಎಚ್ಚರವಿಲ್ಲದೆ ಸಾಗುತ್ತಿದ್ದರೆ ಅವನ ಅಸಾಮರ್ಥ್ಯಕ್ಕೆ ಸಮರ್ಥನು ದಂಡ ತೆರಬೇಕೆ? ಸಮಾಧಾನವಿದು: ಕೆಳಗಿರುವವನಿಗೆ ಬೆನ್ನಿನಲ್ಲಿ ಕಣ್ಣಿಲ್ಲ. ಮೇಲಿರುವವನಾದರೋ ಅವನನ್ನೂ ಕಾಣುತ್ತಾನೆ, ದಾರಿಯನ್ನೂ ಕಾಣುತ್ತಾನೆ. ಕಾಣುವ ಕಣ್ಣೂ ತಿರುಗುವ ಶಕ್ತಿಯೂ ಎಲ್ಲಿ ಒಟ್ಟುಗೂಡುವುವೋ ಅಲ್ಲಿಯೇ ಕರ್ತವ್ಯವು ಹುಟ್ಟುತ್ತದೆ. ಹಾಗೆಂದು ಕೆಳಗಿನವನಿಗೆ ಕರ್ತವ್ಯವೇ ಇಲ್ಲವೆಂದಲ್ಲ. ಇಕ್ಕಟ್ಟಿನಲ್ಲಿಯೂ ಮರೆಯಲ್ಲಿಯೂ ಅವನು ಕಾರಣವಿಲ್ಲದೆ ನಿಲ್ಲಬಾರದು. ನಿಂತಲ್ಲಿಂದ ಹೊರಡುವಾಗ ಮೇಲಕ್ಕೂ ಕೆಳಕ್ಕೂ ನೋಡಬೇಕು. ಇವು ಅವನ ಕೈಲಾಗುವ ಕೆಲಸಗಳು. ಕೈಲಾಗದ್ದನ್ನು ನಿಯಮವು ಅವನಿಂದ ಕೇಳುವುದಿಲ್ಲ.

ಹಾಗಾದರೆ ಕೌಶಲವೇ ಒಂದು ಹೊರೆಯಾಯಿತಲ್ಲವೆ ಎಂದು ಮತ್ತೆ ಆಕ್ಷೇಪಿಸಬಹುದು. ವೇಗವನ್ನೇ ಕೌಶಲವೆಂದು ಭ್ರಮಿಸಿದವರಿಗೆ ಮಾತ್ರ ಹಾಗೆ ತೋರುವುದು. ವೇಗವನ್ನು ಇಳಿಜಾರು ಎಂಥವನಿಗೂ ಬಿಟ್ಟಿಯಾಗಿ ಕೊಡುತ್ತದೆ. ಕಲ್ಲು ಉರುಳಿದರೂ ವೇಗವುಂಟು. ತಿರುಗುವುದನ್ನೂ ನಿಲ್ಲುವುದನ್ನೂ ಮಾತ್ರ ಕಲಿಯಬೇಕು. ಆದುದರಿಂದ ತಡೆದುಕೊಳ್ಳಲಾರದ ವೇಗಶಾಲಿಯು ಕುಶಲನೇ ಅಲ್ಲ.

ಅಲ್ಲಿ ಒಬ್ಬ ಶಿಕ್ಷಕನು ಎಳೆಯ ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸುತ್ತಿದ್ದನು. ಅವನು ತಾನು ಮುಂದಾಗಿ, ಎಂದರೆ ಕೆಳಗಾಗಿ, ಬಲು ನಿಧಾನವಾಗಿ ಬಳಸಿ ಬಳಸಿ ಇಳಿಯುತ್ತಿದ್ದನು. ಮಕ್ಕಳು ಬಾತುಕೋಳಿಯ ಮರಿಗಳಂತೆ ಸಾಲಾಗಿ ಅವನ ಜಾಡನ್ನು ಹಿಡಿದು ಬರುತ್ತಿದ್ದವು. ಒಂದು ಮಗು ಬಿದ್ದಿತು. ಅದು ಎದ್ದು ನಿಲ್ಲುವವರೆಗೆ ಇಡೀ ಸಾಲು ನಿಂತಿತು.

ಅದನ್ನು ನೋಡಿದಾಗ ನನ್ನ ಮನಸ್ಸು ಕುಗ್ಗಿತು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ನಾನು. ನನ್ನ ತರಗತಿಯಲ್ಲಿ ಶಬ್ದರೂಪಗಳನ್ನು ತಡವರಿಸಿ ತಡವರಿಸಿ ಹೇಳುತ್ತಿದ್ದ ಒಬ್ಬ ಬಾಲಕನಿದ್ದನು. ಒಂದು ದಿನ ನಾನು ಎಲ್ಲರೆದುರಿಗೆ ಅವನ ಧ್ವನಿಯನ್ನೇ ಅನುಕರಿಸಿ ತೋರಿಸಿದೆನು. ತರಗತಿಯೆಲ್ಲ ನಕ್ಕಿತು. ಮರುವಾರದಿಂದ ಅವನು ಬರಲಿಲ್ಲ. ಅವನಿಗೆ ಶಕ್ತಿ ಸಾಲದೆಂದು ಆಗ ನಾನು ಸಮಾಧಾನ ಹೇಳಿಕೊಂಡೆನು. ನನಗೆ ಶಬ್ದರೂಪಗಳು ನಾಲಗೆಯ ತುದಿಯಲ್ಲಿದ್ದುವು. ಅದು ನನ್ನ ವೇಗ. ನಿಲ್ಲುವುದನ್ನು ನಾನು ಕಲಿತಿರಲಿಲ್ಲ. ನಾನು ಅವನನ್ನು ಕಾಣುತ್ತಿದ್ದೆನು, ಅವನು ನನ್ನನ್ನು ನಿರೀಕ್ಷಿಸಿರಲಿಲ್ಲ. ಅಪಘಾತವಾದಲ್ಲಿ ನಿಂತು ನೆರವಾಗತಕ್ಕದ್ದೆಂಬ ಒಂಬತ್ತನೆಯ ನಿಯಮವನ್ನೂ ನಾನು ಮೀರಿದೆನು. ಅವನ ಮನೆಗೆ ಹೋಗಿ ಕರೆಯಲಿಲ್ಲ.

ಆ ಗ್ರಾಮದ ಮೇಲ್ಗಡೆ ಬೆಟ್ಟದ ಮೈಯಲ್ಲಿ ಒಂದು ಕಾಡಿದೆ. ಹಿಮರಾಶಿಯು ಜರಿದು ಮನೆಗಳ ಮೇಲೆ ಬೀಳದಂತೆ ತಡೆಯುವ ಕಾಡು ಅದು. ಅದರ ಮರವನ್ನು ಯಾರೂ ಕಡಿಯಕೂಡದೆಂದು 1397ರಲ್ಲಿಯೇ ಕಣಿವೆಯ ಜನರು ಪತ್ರ ಬರೆದು ಕಟ್ಟುಮಾಡಿದರು. ಚಳಿಯ ನಾಡಿನಲ್ಲಿ ಸೌದೆಯ ಆಸೆ ಸಣ್ಣದಲ್ಲ. ಕಡಿಯುವ ಬಲವೂ ಅವರಿಗಿತ್ತು. ಆದರೂ ಕೆಳಗಿರುವ ಮನೆಗಳನ್ನು ನೆನೆದು ಕೈತಡೆದರು. ಆ ಮನೆಗಳಲ್ಲಿ ಮುಂದೆ ಹುಟ್ಟತಕ್ಕವರು ಅವರನ್ನು ಕಾಣುವಂತಿರಲಿಲ್ಲ.

ವಯಸ್ಸಿನಿಂದಾಗಲಿ, ವಿದ್ಯೆಯಿಂದಾಗಲಿ, ಧನದಿಂದಾಗಲಿ ಪ್ರತಿಯೊಬ್ಬನೂ ಯಾರಿಗಾದರೂ ಮೇಲಿನವನೇ ಆಗಿರುತ್ತಾನೆ. ಕೆಳಗೆ ಯಾರು ನಡೆಯುತ್ತಿದ್ದಾರೆಂದು ನೋಡಿ ಇಳಿಯುವುದು ಅವನ ಧರ್ಮವು. ನನಗೆ ಇದು ತಡವಾಗಿ ತಿಳಿಯಿತು. ಇನ್ನೂ ಪಾಠ ಹೇಳುತ್ತಿರುವವರಿಗೆ ತಡವಾಗಿಲ್ಲವೆಂದು ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ.